ನಾಳೆ ನಮ್ಮ ಮಠವನ್ನು ಕೇಳಿದರೆ

(ತಾಳಗುಪ್ಪದಲ್ಲಿ ನಡೆದ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಲಿಂಗತ್ವ ಅಲ್ಪಸಂಖ್ಯಾತರು: ನಾವು ಮತ್ತು ನೆರೆ ರಾಜ್ಯಗಳು' ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ನೋಡಿದ ಹಿರಿಯರೊಬ್ಬರು, "ಇದು ನಮ್ಮ ಲಿಂಗಾಯತರ ಅಲ್ಪಸಂಖ್ಯಾತ ಮಾನ್ಯತೆಯ ವಿಷಯವೇನ್ರೀ?" ಎಂದು ಕೇಳಿದರು. ತಪ್ಪೇನಿಲ್ಲ. ನಮಗೆ ಲಿಂಗ ಎಂದರೆ ಎದೆಯ ಮೇಲಿನ ಇಷ್ಟಲಿಂಗ. ಸರ್ಕಾರಿ ಅರ್ಜಿಯಲ್ಲಿ ಅದೇ ಪದ ಗಂಡೋ ಹೆಣ್ಣೋ ಎಂದು ಕೇಳುವ ಕಾಲಂ. ನಾನು ಮಾತಾಡುವುದು ಆ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒದ್ದಾಡುವವರ ಬಗ್ಗೆ, ಮತ್ತು ಗಂಡಾಗಿ ಗಂಡನ್ನೇ, ಹೆಣ್ಣಾಗಿ ಹೆಣ್ಣನ್ನೇ ಇಷ್ಟಪಡುವವರ ಬಗ್ಗೆ.

ಇದು ಮಠದಲ್ಲಿ ಆಡುವ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. 2023ರ ಏಪ್ರಿಲ್‌ನಲ್ಲಿ ಸಲಿಂಗ ವಿವಾಹದ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಕೇಂದ್ರ ಸರ್ಕಾರ ರಾಜ್ಯಗಳಿಗೆಲ್ಲ ಪತ್ರ ಬರೆದು ಅಭಿಪ್ರಾಯ ಕೇಳಿತು. ಮೇ ತಿಂಗಳಲ್ಲಿ ಕೋರ್ಟಿಗೆ ತಿಳಿಸುವ ಹೊತ್ತಿಗೆ ಉತ್ತರ ಬಂದದ್ದು ಏಳೇ ರಾಜ್ಯಗಳಿಂದ. ನಾಲ್ಕು ರಾಜ್ಯಗಳು ಇನ್ನಷ್ಟು ಸಮಯ ಬೇಕೆಂದವು; ನಮ್ಮ ನೆರೆಯ ಮಹಾರಾಷ್ಟ್ರ ಅದರಲ್ಲೊಂದು. ಬೇಡವೇ ಬೇಡ ಎಂದದ್ದು ಮೂರು: ರಾಜಸ್ಥಾನ, ಅಸ್ಸಾಂ, ಆಂಧ್ರಪ್ರದೇಶ. ಆಂಧ್ರ ಸರ್ಕಾರ ಉತ್ತರ ಬರೆಯುವ ಮೊದಲು ತನ್ನ ರಾಜ್ಯದ ಬೇರೆ ಬೇರೆ ಧರ್ಮಗಳ ಮುಖಂಡರನ್ನು ಕೇಳಿತು. ಅವರು ಒಪ್ಪಲಿಲ್ಲ, ಸರ್ಕಾರವೂ ಹಾಗೇ ಬರೆಯಿತು. ಆ ಏಳರಲ್ಲಿ ಕರ್ನಾಟಕದ ಹೆಸರಿಲ್ಲ. ಅಕ್ಟೋಬರ್ 17ರಂದು ಕೋರ್ಟು, ಇಂಥ ಮದುವೆ ಮೂಲಭೂತ ಹಕ್ಕಲ್ಲ, ಬೇಕಾದರೆ ಸಂಸತ್ತು ಕಾನೂನು ಮಾಡಲಿ ಎಂದು ಬಿಟ್ಟಿತು. ಹಾಗಾಗಿ ಪ್ರಶ್ನೆ ಮತ್ತೆ ಬರುತ್ತದೆ. ಬಂದಾಗ ಬೆಂಗಳೂರಿನವರು ಮಠಗಳ ಕದ ತಟ್ಟದೆ ಇರುವುದಿಲ್ಲ. ಆಗ ನಮ್ಮ ಉತ್ತರವೇನು?

ನೆರೆಯವರನ್ನು ಸ್ವಲ್ಪ ನೋಡೋಣ. ತಮಿಳುನಾಡು ದೇವಸ್ಥಾನ, ಜಾತಿ, ಕುಟುಂಬ ಯಾವುದರಲ್ಲೂ ನಮಗಿಂತ ಸಡಿಲವಾದ ನಾಡಲ್ಲ. ಆದರೆ ಅಲ್ಲಿನ ಕೂವಾಗಂ ಎಂಬ ಹಳ್ಳಿಯಲ್ಲಿ ಪ್ರತಿ ಚಿತ್ತಿರೈ ಮಾಸದಲ್ಲಿ ಕೂತ್ತಾಂಡವರ ಜಾತ್ರೆ ನಡೆಯುತ್ತದೆ. ಹೆಣ್ಣಾಗಿ ಬಾಳುವವರು ಅರವಾನ ದೇವರಿಗೆ ತಾಳಿ ಕಟ್ಟಿಸಿಕೊಂಡು, ಮರುದಿನ ತಾಳಿ ಕಳೆದು ಅಳುತ್ತಾರೆ. ಕುರುಕ್ಷೇತ್ರಕ್ಕೆ ಬಲಿಯಾದ ಅರವಾನನ ಕತೆ ಅದು. ವರ್ಷಕ್ಕೊಮ್ಮೆ ಸಿಗುವ ಆ ಗೌರವದಿಂದ ಹೊಟ್ಟೆ ತುಂಬುವುದಿಲ್ಲ ಎಂದು ತಿಳಿದೇ 2008ರಲ್ಲಿ ಅಲ್ಲಿನ ಸರ್ಕಾರ ದೇಶದಲ್ಲೇ ಮೊದಲು ಅವರಿಗಾಗಿ ಕಲ್ಯಾಣ ಮಂಡಳಿ ಮಾಡಿತು. ತಿರುನಂಗೈ ಎಂಬ ಮರ್ಯಾದೆಯ ಹೆಸರೂ ಅಲ್ಲಿ ಬಳಕೆಗೆ ಬಂತು. 2021ರಲ್ಲಿ ಮದ್ರಾಸ್ ಹೈಕೋರ್ಟು, ಇಂಥ ಮಕ್ಕಳನ್ನು 'ಸರಿ ಮಾಡುತ್ತೇವೆ' ಎನ್ನುವ ವೈದ್ಯರ ಮೇಲೆ ಕ್ರಮ ಕೈಗೊಳ್ಳಿ ಎಂದಿತು.

ಕೇರಳ 2015ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಟ್ರಾನ್ಸ್‌ಜೆಂಡರ್ ನೀತಿ ತಂದಿತು. 2017ರಲ್ಲಿ ಕೊಚ್ಚಿ ಮೆಟ್ರೊ ಅವರನ್ನು ಕೆಲಸಕ್ಕೂ ತೆಗೆದುಕೊಂಡಿತು. ಪತ್ರಿಕೆಗಳೆಲ್ಲ ಹೊಗಳಿದವು. ಆಮೇಲೆ ನೋಡಿದರೆ ಕೆಲವರು ಸೇರಿದ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟಿದ್ದರು. ಊರಲ್ಲಿ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ಅಷ್ಟೊಂದು ಓದಿದ ನಾಡಿನಲ್ಲೂ ಹೀಗೆ. ತೆಲಂಗಾಣದಲ್ಲಿ ಇವರ ಹೆಸರು ಬರೆದಿಡಲು, ವಾರಂಟಿಲ್ಲದೆ ಹಿಡಿಯಲು ನಿಜಾಮರ ಕಾಲದ ಕಾನೂನೊಂದಿತ್ತು. ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರಲ್ಲಿ!

ನಗುವ ಮೊದಲು ನಮ್ಮ ಮನೆಯ ಕಡೆ ನೋಡಬೇಕು. 2011ರಲ್ಲಿ ನಮ್ಮ ಕರ್ನಾಟಕವೇ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಇವರ ಪಟ್ಟಿ ಇಡಲು ಅಧಿಕಾರ ಕೊಟ್ಟಿತ್ತು. ಕೋರ್ಟಿಗೆ ಹೋದ ಮೇಲೆ ಆ ಪದ ತೆಗೆದರು. ಅದೇ ಕರ್ನಾಟಕ 2021ರ ಜುಲೈಯಲ್ಲಿ ಸರ್ಕಾರಿ ನೇಮಕಾತಿಯ ಎಲ್ಲ ವರ್ಗಗಳಲ್ಲೂ ಇವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ದೇಶದಲ್ಲಿ ನಾವೇ ಮೊದಲು. ಹತ್ತೇ ವರ್ಷದಲ್ಲಿ ಪೊಲೀಸ್ ಪಟ್ಟಿಯಿಂದ ನೇಮಕಾತಿ ಪಟ್ಟಿಗೆ ಬಂದರು.

ಆದರೆ ಆ ಹುದ್ದೆಗೆ ಅರ್ಜಿ ಹಾಕಬೇಕಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಬೇಕಲ್ಲ? ನಾನು ಬಹಳ ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನು. ನಡಿಗೆ, ಮಾತು ಹೆಣ್ಣಿನ ಹಾಗಿರುವ ಹುಡುಗ ಒಂಬತ್ತನೇ ತರಗತಿಯಲ್ಲಿ ಮೊದಲು ಆಟದ ಪೀರಿಯಡ್ಡಿಗೆ ತಪ್ಪಿಸಿಕೊಳ್ಳುತ್ತಾನೆ, ಆಮೇಲೆ ಶೌಚಾಲಯಕ್ಕೆ ಹೋಗಲು ಹೆದರುತ್ತಾನೆ, ಆಮೇಲೆ ಶಾಲೆಗೇ ಬರುವುದಿಲ್ಲ. ಮನೆಯಲ್ಲಿ ಅಪ್ಪನ ಬೆಲ್ಟು. ಒಂದು ದಿನ ಇದೇ ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ಹತ್ತಿ ಬೆಂಗಳೂರು ಸೇರುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಸಿಗ್ನಲ್ಲಿನಲ್ಲಿ ಕೈಯೊಡ್ಡುವುದು, ಇಲ್ಲವೇ ಹೇಳಲು ನನಗೆ ಸಂಕೋಚವಾಗುವ ಇನ್ನೊಂದು ದಾರಿ. ವಿಧಾನಸೌಧದಲ್ಲಿ ಕೊಟ್ಟ ಶೇಕಡಾ 1 ಹದಿನಾಲ್ಕನೇ ವಯಸ್ಸಿಗೇ ಕೈ ತಪ್ಪಿರುತ್ತದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂಥವರಿಗೆ ಉಳಿದಿದ್ದ ಬಾಗಿಲು ಒಂದೇ: ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆಗುವುದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಹಾಗೆ ಹೋದವರು. ಮನೆ ಬಿಟ್ಟು, ವಿಷ ಕುಡಿದು ಬದುಕಿ, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ಆ ಮಾತು ಯಾರ ವಚನದ ನೆನಪು ತರುತ್ತದೆ ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ಜೇಡರ ದಾಸಿಮಯ್ಯನವರನ್ನು ನಾವು ಗೋಷ್ಠಿಗಳಲ್ಲಿ ಹಾಡುತ್ತೇವೆ; ಅವರು ಉಪಯೋಗಕ್ಕೆ ಬಂದದ್ದು ಎಲ್ಲಮ್ಮನ ಜೋಗತಿಗೆ.

ಇಲ್ಲಿ ನಮ್ಮಂಥ ಸುಧಾರಣಾವಾದಿಗಳಿಗೆ ಒಂದು ಇಕ್ಕಟ್ಟಿದೆ. ಮುತ್ತು ಕಟ್ಟುವುದನ್ನು ನಾವು ಒಪ್ಪುವುದಿಲ್ಲ, ಒಪ್ಪಲೂಬಾರದು. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆ ತಡೆಯಲು ಹೋದವರ, ಪೊಲೀಸರ ಗತಿ ಏನಾಯಿತೆಂದು ಇಲ್ಲಿನ ಹಿರಿಯರಿಗೆ ನೆನಪಿದೆ. ಆ ಸೇವೆ ನಿಂತಿತು, ಒಳ್ಳೆಯದಾಯಿತು. ಆದರೆ ಜೋಗಪ್ಪನಾಗಬೇಡ ಎಂದು ಒಬ್ಬ ಹುಡುಗನಿಗೆ ಹೇಳುವವರು, ಮತ್ತೇನಾಗು ಎಂದೂ ಹೇಳಬೇಕಲ್ಲ? ಕಾಯಕವಿಲ್ಲದವನಿಗೆ ಪ್ರಸಾದವಿಲ್ಲ ಎನ್ನುವ ನಾವು ಕಾಯಕವನ್ನೇ ಕೊಡದೆ ಭಿಕ್ಷೆ ಬೇಡುತ್ತಾರೆಂದು ಬೈಯುವುದು ಯಾವ ನ್ಯಾಯ?

ಧರ್ಮದ ಆಕ್ಷೇಪ ಎತ್ತುವವರಿಗೆ ಒಂದೇ ಮಾತು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಒಪ್ಪಿದ ಧರ್ಮ ನಮ್ಮದು. ಉರಿಲಿಂಗದೇವರು ಗಂಡಸಾಗಿದ್ದು ಸತಿಯ ದನಿಯಲ್ಲಿ ವಚನ ಬರೆದರು. ಅದು ಭಕ್ತಿಯ ಮಾತು, ಸಂಸಾರದ ಮಾತಲ್ಲ ಎನ್ನುತ್ತೀರಿ. ಒಪ್ಪುತ್ತೇನೆ, ಅದನ್ನು ಎಳೆದು ಇನ್ನೆಲ್ಲಿಗೋ ಕಟ್ಟುವುದು ನನಗೂ ಬೇಡ. ಆದರೂ ಹೆಣ್ಣಿನ ಭಾವ ಹೊತ್ತ ಗಂಡನ್ನು ಕಂಡು ಹೇಸುವುದಕ್ಕೆ ಆ ಪರಂಪರೆಯಲ್ಲಿ ಆಧಾರ ಸಿಗುವುದಿಲ್ಲ.

ಸಲಿಂಗ ವಿವಾಹವನ್ನು ಈ ಸಭೆಯಲ್ಲಿ ಬಹಳ ಜನ ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಅದನ್ನು ಇವತ್ತು ತೀರ್ಮಾನಿಸಬೇಕಾಗಿಲ್ಲ. ಆದರೆ ಹೆಣ್ಣಿನ ಮೇಲೆ ಮನಸ್ಸಿಲ್ಲದ ಮಗನಿಗೆ 'ಮದುವೆ ಮಾಡಿದರೆ ಸರಿ ಹೋಗುತ್ತಾನೆ' ಎಂದು ಇನ್ನೊಂದು ಮನೆಯ ಹೆಣ್ಣನ್ನು ತರುವುದು ನಮ್ಮಲ್ಲೂ ನಡೆಯುತ್ತಿದೆ. ಆ ಹುಡುಗಿ ಏನು ಪಾಪ ಮಾಡಿದ್ದಳು? ಮದುವೆ ಮಾಡಿಸುವ ಜಂಗಮರು, ಹಿರಿಯರು ಇದನ್ನಾದರೂ ತಡೆಯಬಹುದು. 2018ರ ಸೆಪ್ಟೆಂಬರ್ 6ರಿಂದ ಅಂಥ ಪ್ರೀತಿ ಅಪರಾಧವಲ್ಲ. ಹುಡುಗನನ್ನು ಅವನ ಪಾಡಿಗೆ ಬಿಡಲು ಕಾನೂನಿನ ಭಯವೂ ಇಲ್ಲ.

ಕೊಚ್ಚಿಯಲ್ಲಿ ಸಿಗದೆ ಹೋದದ್ದು ತಲೆ ಮೇಲೊಂದು ಸೂರು. ಅದು ನಮ್ಮ ಮಠಗಳ ಹತ್ತಿರ ಇದೆ. ಸಿದ್ಧಗಂಗೆಯೊಂದರಲ್ಲೇ ಸುಮಾರು 10,000 ಮಕ್ಕಳು ಜಾತಿ ಕೇಳಿಸಿಕೊಳ್ಳದೆ ಊಟ, ವಸತಿ, ಓದು ಪಡೆಯುತ್ತಾರೆ. ಜಿಲ್ಲೆ ಜಿಲ್ಲೆಯಲ್ಲೂ ಸಣ್ಣ ದೊಡ್ಡ ಪ್ರಸಾದ ನಿಲಯಗಳಿವೆ. ಮನೆಯಿಂದ ಹೊರಬಿದ್ದ ಹದಿನಾಲ್ಕು ವರ್ಷದ ಮಗು ರೈಲು ಹತ್ತುವ ಬದಲು ಅಲ್ಲಿಗೆ ಬರುವಂತಾಗಲಿ. ಅದಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಬೀಗ ಹಾಕಿಕೊಳ್ಳಬಹುದಾದ ಒಂದು ಸ್ನಾನದ ಮನೆ, ಗೇಲಿ ಮಾಡಿದವರನ್ನು ಕರೆದು ಕೇಳುವ ಒಬ್ಬ ವಾರ್ಡನ್, ಪ್ರವೇಶದ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬುದರ ಕೆಳಗೆ ಇನ್ನೊಂದು ಗೆರೆ. ಆಮೇಲೆ ಮಠದ ಶಾಲೆ, ಮುದ್ರಣಾಲಯ, ದಾಸೋಹದ ಮನೆಗಳಲ್ಲಿ ಒಂದೆರಡು ಕೆಲಸ.

ಮುಂದಿನ ವರ್ಷದ ಅರ್ಜಿಗಳು ಬೇಸಿಗೆಗೆ ಅಚ್ಚಿಗೆ ಹೋಗುತ್ತವೆ. ಬುದ್ಧಿಯವರು ಅಪ್ಪಣೆ ಕೊಡಿಸಿದರೆ ಆ ಒಂದು ಗೆರೆಯ ಕರಡನ್ನು ನಾನೇ ಬರೆದು ತರುತ್ತೇನೆ. ಒಪ್ಪದವರು ಪ್ರಸಾದ ಆದ ಮೇಲೆ ಸಿಗಿ, ಕೂತು ಮಾತಾಡೋಣ.