ಬಿಲ್ಲು ಕೈಯಲ್ಲಿದ್ದರೆ ಬಾಯಿ ಬರುತ್ತದೆ
(ಸಂಘದ ಸಂಜೆ ಓದುಮನೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ವಿದ್ಯಾರ್ಥಿಗಳೂ ಗ್ರಾಹಕರ ಹಕ್ಕೂ'. ನಾನು ಕಾನೂನು ಓದಿದವನಲ್ಲ, ಬಿ.ಎ. ಓದ್ತಾ ಇದೀನಿ. ಅದಕ್ಕೇ ಪುಸ್ತಕದಿಂದ ಶುರು ಮಾಡಲ್ಲ, ನಾನು ಪಟ್ಟ ಪಾಡಿನಿಂದಲೇ ಶುರು ಮಾಡ್ತೀನಿ.

ಕಾಲೇಜಿಗೆ ಸೇರಿದ ಮೇಲೆ ನಮ್ಮವ್ವ ಮಹಿಳಾ ಗುಂಪಿನಲ್ಲಿ ಸಾಲ ಎತ್ತಿ ನನಗೊಂದು ಲ್ಯಾಪ್‌ಟಾಪ್ ತೆಗೆದುಕೊಟ್ಟಳು. ಬೆಲೆ 34,000 ರೂಪಾಯಿ. ಬಿಲ್ಲು ಅವ್ವನ ಹೆಸರಲ್ಲೇ ಆಯ್ತು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ '8 ಗಂಟೆವರೆಗೆ ಬ್ಯಾಟರಿ' ಅಂತ ಇತ್ತು. 8 ಗಂಟೆ ಒಂದು ದಿನವೂ ಬರಲಿಲ್ಲ. ಮೊದಮೊದಲು ಮೂರು, ಮೂರೂವರೆ ಗಂಟೆ ಬರ್ತಿತ್ತು. ಏಳನೇ ತಿಂಗಳಿಗೆ ಎರಡು ಗಂಟೆ ಬಂದರೆ ಹೆಚ್ಚು. ನಮ್ಮ ಕ್ಲಾಸಿನಲ್ಲಿ ಪ್ಲಗ್ ಇರೋದು ಎರಡೇ. ಅದರ ಪಕ್ಕ ಕೂರೋಕೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಬೇಕಿತ್ತು. ಒಂದು ದಿನ ಎಲ್ಲರ ಮುಂದೆ ನಿಂತು ಪ್ರಾಜೆಕ್ಟ್ ವಿವರಿಸುತ್ತಾ ಇದ್ದಾಗಲೇ ಪರದೆ ಕಪ್ಪಾಯಿತು. ಅವತ್ತು ಸಂಜೆ ಕುರಿಚಿಯಿಂದ ಬಸ್ಸು ಹತ್ತಿ ನಗರದ ಸರ್ವಿಸ್ ಸೆಂಟರಿಗೆ ಹೋದೆ.

ಅಲ್ಲಿ ನನ್ನನ್ನು ಕೇಳಿದ ಮೊದಲ ಮಾತು, "ಇದು ಸರ್ಕಾರ ಕೊಟ್ಟ ಫ್ರೀ ಲ್ಯಾಪ್‌ಟಾಪಾ?"

ತಮಿಳುನಾಡಿನಲ್ಲಿ 2011ರಿಂದ ಸರ್ಕಾರ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡೋಕೆ ಶುರು ಮಾಡ್ತು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು ಹಾಗೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನನ್ನ ಮುಖ, ನನ್ನ ಚಪ್ಪಲಿ, ನಾನು ಹೇಳಿದ ವಿಳಾಸ ನೋಡಿ ಆ ಮಾತು ಬಂತು. ಇವರು ಕೊಟ್ಟಿದ್ದು ಪಡೆಯೋರು, ದುಡ್ಡು ಕೊಟ್ಟು ಕೊಳ್ಳೋರಲ್ಲ ಅನ್ನೋದು ಆ ಮಾತಿನ ಒಳಗಿತ್ತು.

ಬಿಲ್ಲು ತೋರಿಸಿದೆ. ಆಮೇಲೆ ಮೂರು ಉತ್ತರ ಬಂತು. ಒಂದು, ಬ್ಯಾಟರಿ ಸವೆಯುವ ವಸ್ತು, ನಾವೇನೂ ಮಾಡೋಕಾಗಲ್ಲ. ಎರಡು, ಬಿಲ್ಲು ನಿನ್ನ ಹೆಸರಲ್ಲಿಲ್ಲ, ಬಿಲ್ಲಿನವರೇ ಬರಬೇಕು. ಮೂರು, ನೀನೇ ಜಾಸ್ತಿ ಬಳಸಿರಬೇಕು. ನಾನು ತಲೆ ಬಗ್ಗಿಸಿ ವಾಪಸ್ ಬಂದೆ. ಅವ್ವ ಬರಬೇಕು ಅಂದ್ರೆ ಅವಳ ಒಂದು ದಿನದ ಕೂಲಿ ಹೋಗ್ತದೆ. "ಬಿಡವ್ವ, ಹೀಗೇ ನಡೆಸ್ಕೋತೀನಿ" ಅಂದೆ. ಅವ್ವ ಒಂದೇ ಮಾತು ಕೇಳಿದಳು: "ನೀನು ಪುಕ್ಕಟೆ ಕೇಳಿದ್ಯಾ? ಕಂತು ಕಟ್ತಾ ಇರೋದು ನಾನು ತಾನೇ?"

ಆ ಮಾತು ನನ್ನನ್ನು ಓದೋಕೆ ಕೂರಿಸ್ತು.

ಮೊದಲು ಯಂತ್ರವನ್ನೇ ಕೇಳಿದೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ' ಎಂಬ ಆಜ್ಞೆಯಿಂದ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಖರ್ಚಿಲ್ಲ. ಕಂಪನಿ ಹೇಳಿದ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ, ಬಹುತೇಕ ಮಾಡೆಲ್‌ಗಳಲ್ಲಿ ಎಷ್ಟು ಸುತ್ತು ಚಾರ್ಜ್ ಆಗಿದೆ ಅನ್ನೋದೂ ಅದರಲ್ಲಿ ಬರುತ್ತದೆ. ನನ್ನದರಲ್ಲಿ 41 ವ್ಯಾಟ್ ಅವರ್ ಇರಬೇಕಾದ ಕಡೆ 26 ಇತ್ತು. ಅಂದರೆ ನೂರಕ್ಕೆ 63. ಆಗಿದ್ದ ಸುತ್ತು 140. ಲಿಥಿಯಂ ಅಯಾನ್ ಬ್ಯಾಟರಿ ಸವೆಯೋದು ನಿಜ, ಬಿಸಿಗೆ ಇನ್ನೂ ಬೇಗ ಸವೆಯುತ್ತದೆ. ಆದರೆ ಸಾಮಾನ್ಯವಾಗಿ 300ರಿಂದ 500 ಸುತ್ತು ಆದ ಮೇಲೂ ನೂರಕ್ಕೆ 80ರಷ್ಟು ಉಳಿಯಬೇಕು. ಹಾಗಾದರೆ ನನ್ನದು ಸವೆತ ಅಲ್ಲ, ದೋಷ.

ಇಲ್ಲಿ ನಾವೂ ನ್ಯಾಯವಾಗಿ ಇರಬೇಕು. 41 ವ್ಯಾಟ್ ಅವರ್ ಬ್ಯಾಟರಿ 8 ಗಂಟೆ ಬರಬೇಕಾದರೆ ಯಂತ್ರ ಗಂಟೆಗೆ 5 ವ್ಯಾಟ್ ಅವರ್ ಮಾತ್ರ ತಿನ್ನಬೇಕು. ಬೆಳಕು ತಗ್ಗಿಸಿ, ಇಂಟರ್ನೆಟ್ ಆಫ್ ಮಾಡಿ, ಸುಮ್ಮನೆ ಇಟ್ಟರೆ ಆದೀತು. ನಾನು ಕೆಲಸ ಮಾಡುವಾಗ ಅದು ಸುಮಾರು 12 ತಿನ್ನುತ್ತದೆ. ಹೊಸ ಬ್ಯಾಟರಿ ಆದರೂ ಮೂರೂವರೆ ಗಂಟೆಯೇ. ಆ 'ವರೆಗೆ' ಅನ್ನೋ ಪದದ ಮೋಸ ಇದೇ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2017ರಲ್ಲಿ ಬ್ರಿಟನ್ನಿನ 'ವಿಚ್?' ಎಂಬ ಗ್ರಾಹಕ ಸಂಸ್ಥೆ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷೆ ಮಾಡಿದಾಗಲೂ ಹೆಚ್ಚಿನವು ಕಂಪನಿ ಹೇಳಿದಷ್ಟು ಹೊತ್ತು ನಿಲ್ಲಲಿಲ್ಲ.

ಆಮೇಲೆ ಕಾನೂನು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಸರ್ವಿಸ್ ಸೆಂಟರಿನ ಉತ್ತರಗಳಿಗೆ ಅದರ ಎರಡನೇ ಸೆಕ್ಷನ್ನಿನಲ್ಲೇ ಮಾರುತ್ತರ ಇತ್ತು. ಗ್ರಾಹಕ ಅಂದರೆ ದುಡ್ಡು ಕೊಟ್ಟವರು ಮಾತ್ರ ಅಲ್ಲ, ಅವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಅಂದರೆ ಅವ್ವನೂ ಗ್ರಾಹಕಿ, ನಾನೂ ಗ್ರಾಹಕ. ದೋಷ ಅಂದರೆ ಏನು? ವಸ್ತುವಿನ ಗುಣಮಟ್ಟದಲ್ಲಿ ಕೊರತೆ. ಆ ಗುಣಮಟ್ಟ ಕಾನೂನು ಹೇಳಿದ್ದಾಗಬಹುದು, ಕರಾರಿನಲ್ಲಿ ಇರುವುದಾಗಬಹುದು, ಮಾರುವವರು ಯಾವ ರೀತಿಯಲ್ಲಾದರೂ ಹೇಳಿಕೊಂಡದ್ದೂ ಆಗಬಹುದು. ಡಬ್ಬದ ಮೇಲೆ ಅಚ್ಚು ಹಾಕಿದ್ದೂ ಹೇಳಿಕೊಂಡದ್ದೇ ತಾನೇ?

ನಾನು 8 ಗಂಟೆ ಕೇಳಲಿಲ್ಲ. ವಾರಂಟಿ ಒಳಗೇ ಬ್ಯಾಟರಿ ಕೆಟ್ಟಿದೆ, ಬದಲಿಸಿ ಕೊಡಿ ಅಂತ ಒಂದೇ ಕೇಳಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡೆ. ಆಮೇಲೆ ಬಿಲ್ಲಿನ ನಕಲು, ಡಬ್ಬದ ಫೋಟೊ, ಬ್ಯಾಟರಿ ರಿಪೋರ್ಟ್ ಸೇರಿಸಿ ಕಂಪನಿಗೆ ನೋಟಿಸ್ ಬರೆದೆ. 15 ದಿನದಲ್ಲಿ ಉತ್ತರ ಬರದಿದ್ದರೆ ಕೊಯಮತ್ತೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀವಿ ಅಂತ ಕೊನೆಗೆ ಸೇರಿಸಿದೆ. ಅವ್ವ ಸಹಿ ಹಾಕಿದಳು, ಕೆಳಗೆ ನಾನೂ ಹಾಕಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು.

ಹನ್ನೊಂದನೇ ದಿನ ಫೋನ್ ಬಂತು. ಅದೇ ಸರ್ವಿಸ್ ಸೆಂಟರಿನಲ್ಲಿ ಹೊಸ ಬ್ಯಾಟರಿ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಹೊರಡುವಾಗ ಒಂದು ಕಾಗದ ಮುಂದಿಟ್ಟು ಸಹಿ ಹಾಕು ಅಂದರು. 'ಪೂರ್ಣ ತೃಪ್ತಿಯಾಗಿದೆ, ಮುಂದೆ ಯಾವ ದೂರೂ ಇಲ್ಲ' ಅಂತ ಅದರಲ್ಲಿತ್ತು. ಆ ಸಾಲು ಹೊಡೆದುಹಾಕಿ 'ಬ್ಯಾಟರಿ ಪಡೆದಿದ್ದೇನೆ' ಅಂತಷ್ಟೇ ಬರೆದು ಸಹಿ ಹಾಕಿದೆ. ಓಡಾಡಿದ ಬಸ್ ಚಾರ್ಜ್ ಬರಲಿಲ್ಲ. ಕ್ಲಾಸಿನ ಮುಂದೆ ಹೋದ ಮಾನವೂ ಬರಲಿಲ್ಲ. ಆದರೆ ಈ ಸಲ "ಫ್ರೀ ಲ್ಯಾಪ್‌ಟಾಪಾ" ಅಂತ ಯಾರೂ ಕೇಳಲಿಲ್ಲ. "ಕೂತ್ಕೊಳ್ಳಿ" ಅಂದರು.

ಸ್ನೇಹಿತರೇ, ಇದನ್ನು ಯಾಕೆ ನಮ್ಮ ಸಂಘದಲ್ಲಿ ಹೇಳಬೇಕು? ಮಹಾಡ್ ಕೆರೆಯ ಕಥೆ ನಮ್ಮೆಲ್ಲರಿಗೂ ಗೊತ್ತು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ ಮುಂಬಯಿ ಶಾಸನ ಮಂಡಳಿ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿಯುವವರೆಗೂ ಹಕ್ಕು ಕಾಗದದ ಮೇಲೇ ಇತ್ತು. ಆಮೇಲೂ ಕೋರ್ಟಿನಲ್ಲಿ ವ್ಯಾಜ್ಯ ನಡೆದು 1937ರಲ್ಲಿ ಹೈಕೋರ್ಟಿನಲ್ಲಿ ಗೆಲುವಾಯಿತು. ಬ್ಯಾಟರಿಯನ್ನೂ ಮಹಾಡನ್ನೂ ನಾನು ಒಂದೇ ತಕ್ಕಡಿಗೆ ಹಾಕ್ತಾ ಇಲ್ಲ. ಆದರೆ ಕಾಗದದ ಮೇಲಿರೋ ಹಕ್ಕು ಯಾರಾದರೂ ಹೋಗಿ ಕೇಳೋವರೆಗೂ ಹಕ್ಕಲ್ಲ ಅನ್ನೋ ಪಾಠ ನಮಗೆ ಅಲ್ಲಿಂದಲೇ ಬಂದದ್ದು.

ಅದಕ್ಕೇ ತಮ್ಮ ತಂಗಿಯರು ಇಷ್ಟು ನೆನಪಿಟ್ಟುಕೊಳ್ಳಿ. ಬಿಲ್ಲು ಇಲ್ಲದೆ ಏನೂ ಕೊಳ್ಳಬೇಡಿ, ಡಬ್ಬ ಬಿಸಾಡಬೇಡಿ. ಬಾಯಲ್ಲಿ 'ಆಗಲ್ಲ' ಅಂದರೆ ಬರೆದು ಕೊಡಿ ಅಂತ ಕೇಳಿ. ದೂರು ಕೊಡೋಕೆ ಎರಡು ವರ್ಷ ಅವಕಾಶ ಇದೆ. ಕಂಪನಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಇಲ್ಲ. ದೋಷ ಸಾಬೀತಾದರೆ ಸರಿಪಡಿಸೋದು, ಬದಲಿಸೋದು, ಬೆಲೆ ವಾಪಸ್ ಕೊಡೋದು, ಪರಿಹಾರ ಕೊಡೋದು, ಇದನ್ನೆಲ್ಲ ಆದೇಶ ಮಾಡುವ ಅಧಿಕಾರ ಆಯೋಗಕ್ಕಿದೆ.

ನಮ್ಮಲ್ಲಿ ಮಿಕ್ಸಿ, ಫೋನು, ಹೊಲಿಗೆ ಮಿಷನ್ನು ಎಲ್ಲ ಕಂತಿನ ಮೇಲೆ ಬರುತ್ತವೆ. ಒಂದು ಕಂತು ತಪ್ಪಿದರೆ ಮನೆ ಬಾಗಿಲಿಗೆ ಬಂದು ಕೂಗ್ತಾರೆ. ವಸ್ತು ಕೆಟ್ಟರೆ ಮಾತ್ರ ನಾವು ಯಾರ ಬಾಗಿಲಿಗೂ ಹೋಗಲ್ಲ. ಇನ್ನು ಹೋಗೋಣ. ಓದುಮನೆಯಲ್ಲಿ ಭಾನುವಾರ ಸಂಜೆ ನಾನು ಇರ್ತೀನಿ. ಯಾರ ಮನೆಯಲ್ಲಿ ಏನು ಕೆಟ್ಟಿದ್ದರೂ ಬಿಲ್ಲು ತಗೊಂಡು ಬನ್ನಿ, ಕೂತು ನೋಟಿಸ್ ಬರೆಯೋಣ. ನನ್ನ ಲ್ಯಾಪ್‌ಟಾಪಿನಲ್ಲೇ ಬರೆಯೋಣ, ಈಗ ಅದು ಮೂರೂವರೆ ಗಂಟೆ ಬರುತ್ತದೆ.

ಜೈ ಭೀಮ್.