ಹತ್ತು ಕೊಡ, ಒಂದೇ ಬಾವಿ



ಬ್ರೆಡ್ಡು ಸುಡುವ ವಿದ್ಯುತ್ ಟೋಸ್ಟರನ್ನು ಕಂಡುಹಿಡಿದವರು ಯಾರು? ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ 2012ರಿಂದ 2022ರವರೆಗೆ ಇದಕ್ಕೊಂದು ಉತ್ತರವಿತ್ತು: 1893ರಲ್ಲಿ, ಸ್ಕಾಟ್ಲೆಂಡಿನ ವಿಜ್ಞಾನಿಯೊಬ್ಬ. ಆತನ ಹೆಸರು, ಜೀವನಚರಿತ್ರೆ, ಹಳೆಯ ಭಾವಚಿತ್ರ ಎಲ್ಲವೂ ಅಲ್ಲಿದ್ದವು. ಪತ್ರಿಕೆಗಳು, ಪುಸ್ತಕಗಳು ಅದನ್ನೇ ಬರೆದವು. ಶಾಲೆಯೊಂದು ಆತನ ನೆನಪಿನ ದಿನವನ್ನೂ ಆಚರಿಸಿತು. ಆದರೆ ಅಂಥ ವಿಜ್ಞಾನಿ ಇರಲೇ ಇಲ್ಲ! ಅದು ಕಾಲೇಜು ಹುಡುಗರ ತಮಾಷೆ. 2022ರಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಬಾಲಕನೊಬ್ಬ ಆ ಭಾವಚಿತ್ರವನ್ನು ಕಂಡು ಅನುಮಾನಪಟ್ಟ. ಆಗ ಗುಟ್ಟು ರಟ್ಟಾಯಿತು.

ಹತ್ತು ಕಡೆ ಒಂದೇ ಮಾತಿದ್ದರೆ ಹತ್ತು ಸಾಕ್ಷಿಗಳು ಸಿಕ್ಕಂತಲ್ಲ. ಹತ್ತು ಕೊಡಗಳ ನೀರೂ ಒಂದೇ ಬಾವಿಯದಾಗಿರಬಹುದು. ಆದ್ದರಿಂದ ಮಾಹಿತಿಯ ಮೂಲ ಯಾವುದು ಎಂಬುದನ್ನು ಮೊದಲು ಹುಡುಕಬೇಕು. ವಿಕಿಪೀಡಿಯದ ಲೇಖನದ ಕೆಳಗೆ ಆಧಾರಗಳ ಪಟ್ಟಿ ಇರುತ್ತದೆ. ಅವುಗಳನ್ನು ತೆರೆದು ಓದಿ. ಲೇಖನ ಹುಟ್ಟಿದ ಮೇಲೆ ಬಂದ ಆಧಾರವಾದರೆ, ಅದು ಲೇಖನದ್ದೇ ನಕಲಿರಬಹುದು.

ಇನ್ನು ಪಕ್ಷಪಾತದ ವಿಷಯ. ಬರೆದವರು ನಿಜವಾದ ವಿಜ್ಞಾನಿಗಳೇ ಆಗಿದ್ದರೂ ತಕ್ಕಡಿ ಒಂದು ಕಡೆ ವಾಲಬಹುದು. 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹೃದ್ರೋಗದ ಬಗ್ಗೆ ಬರೆದರು. ಅವರು ಕೊಬ್ಬಿನ ಮೇಲೆ ಹೆಚ್ಚು ದೋಷ ಹೊರಿಸಿ, ಸಕ್ಕರೆಯ ವಿರುದ್ಧದ ಪುರಾವೆಗಳನ್ನು ಹಗುರಾಗಿ ಕಂಡರು. ಇದಕ್ಕೆ ಹಣ ಕೊಟ್ಟದ್ದು ಸಕ್ಕರೆ ಉದ್ಯಮದ ಸಂಸ್ಥೆ! ಲೇಖನದಲ್ಲಿ ಅದರ ಸುಳಿವೇ ಇರಲಿಲ್ಲ. ಹಳೆಯ ಪತ್ರವ್ಯವಹಾರದಿಂದ ಈ ಸಂಗತಿ ಬಯಲಾದದ್ದು 2016ರಲ್ಲಿ. ಹಣದ ಮೂಲವನ್ನು ತಿಳಿಸಬೇಕೆಂಬ ನಿಯಮವನ್ನು ಆ ಪತ್ರಿಕೆ ತಂದದ್ದೇ 1984ರಲ್ಲಿ.

ಉದ್ಯಮದ ಹಣ ಪಡೆದ ಸಂಶೋಧನೆಯೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ತಪ್ಪೇ. ಆ ಹಣದ ಹಂಗಿಲ್ಲದವರು ಅದೇ ವಿಷಯದಲ್ಲಿ ಏನು ಕಂಡಿದ್ದಾರೆ ಎಂದು ಹೋಲಿಸಿ ನೋಡಬೇಕು.

ಹಾಗಾದರೆ ಪ್ರಾಜೆಕ್ಟ್ ಬರೆಯುವಾಗ ಏನು ಮಾಡಬೇಕು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದರು? ಯಾವ ಆಧಾರದ ಮೇಲೆ? ಇದನ್ನು ನಾವು ನಂಬಿದರೆ ಯಾರಿಗೆ ಲಾಭ? ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಸೊಗಸಾಗಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ. ಅವು ಕೊಟ್ಟ ಆಧಾರ ನಿಜವಾಗಿಯೂ ಇದೆಯೇ ಎಂದು ನೀವೇ ಹುಡುಕಿ ನೋಡಬೇಕು.

ಇಂದು ನೀವು ಪರೀಕ್ಷಿಸದೆ ಬರೆದ ಸಾಲನ್ನು ನಾಳೆ ನಿಮ್ಮ ತಮ್ಮನೋ ತಂಗಿಯೋ ಓದಿ ನಂಬಬಹುದು. ಆದ್ದರಿಂದ ಈ ವಾರ ನಿಮ್ಮ ಟಿಪ್ಪಣಿ ಪುಸ್ತಕದ ಒಂದೇ ಒಂದು ಸಂಗತಿಯನ್ನಾದರೂ ಅದರ ಮೂಲದವರೆಗೆ ಹಿಂಬಾಲಿಸಿ ಹೋಗಿ.