ಬೀಗ ಒಡೆದವನ ನಾಲ್ಕು ಮಾತು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಧನೆಯ ಬಗ್ಗೆ ಮಾತಾಡು ಎಂದು ಹೆಡ್‌ಮಾಸ್ಟರು ಹೇಳಿದರು. ನಾನು ಮಾಡಿದ ಒಂದು ಕಳ್ಳತನದ ಬಗ್ಗೆ ಹೇಳುತ್ತೇನೆ. ಸಾಫ್ಟ್‌ವೇರ್ ಕಲಿಯುವ ಆಸೆಯಿರುವ ಮಕ್ಕಳಿಗೆ ಅದೇ ಹೆಚ್ಚು ಉಪಯೋಗ.

2010ರ ರಜೆ. ನಾನಾಗ ಬಿ.ಇ. ಓದುತ್ತಿದ್ದೆ. ಪೇಟೆಯ ಡಿ.ಟಿ.ಪಿ. ಅಂಗಡಿಯ ಅಣ್ಣ ಒಬ್ಬರು ಹೇಳಿಕಳಿಸಿದರು. ಲಗ್ನಪತ್ರಿಕೆ ಮಾಡುವ ಅವರ ಕನ್ನಡ ತಂತ್ರಾಂಶಕ್ಕೆ ಡಾಂಗಲ್ ಎಂಬ ಬೀಗವಿತ್ತು. ಕಂಪ್ಯೂಟರಿಗೆ ಚುಚ್ಚುವ ಹೆಬ್ಬೆರಳಿನಷ್ಟು ವಸ್ತು. ಅದಿಲ್ಲದೆ ತಂತ್ರಾಂಶ ತೆರೆಯದು. ಸಿಡಿಲಿಗೆ ಕಂಪ್ಯೂಟರಿನ ಜೊತೆ ಅದೂ ಸುಟ್ಟುಹೋಗಿತ್ತು. ಸಾಲ ಮಾಡಿ ಹೊಸ ಕಂಪ್ಯೂಟರ್ ತಂದಿದ್ದರು. ಡಾಂಗಲ್ಲಿಗೆ ಮಾತ್ರ ಕಂಪನಿಯವರು ತಂತ್ರಾಂಶದ ಪೂರ್ತಿ ಬೆಲೆಯನ್ನೇ ಮತ್ತೆ ಕೇಳಿದ್ದರು. ಮದುವೆಯ ಕಾಲ ಬೇರೆ.

ಎರಡು ರಾತ್ರಿ ಕೂತೆ. ‘ಡಾಂಗಲ್ ಇದೆಯೇ?’ ಎಂದು ತಂತ್ರಾಂಶ ಕೇಳುವ ಜಾಗ ಹುಡುಕಿ, ಯಾವಾಗ ಕೇಳಿದರೂ ‘ಇದೆ’ ಎಂಬ ಉತ್ತರವೇ ಸಿಗುವಂತೆ ತಿದ್ದಿದೆ. ತೆರೆಯಿತು! ಇಡೀ ಸೆಮಿಸ್ಟರಿನಲ್ಲಿ ಕಲಿಯದ್ದನ್ನು ಆ ಎರಡು ರಾತ್ರಿಯಲ್ಲಿ ಕಲಿತೆ.

ಇದನ್ನು ನಾನು ಇಂದಿಗೂ ಕಳ್ಳತನ ಎನ್ನುವುದಿಲ್ಲ. ದುಡ್ಡು ಕೊಟ್ಟು ಕೊಂಡದ್ದನ್ನೇ ಅವರು ಬಳಸಿದರು. ಹಾಳಾದರೆ ಇರಲೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೇ ಬಿಡುತ್ತದೆ. ಬೀಗ ಒಡೆಯುವವರಿಗೆ ಎರಡು ವರ್ಷದವರೆಗೆ ಜೈಲು ಎನ್ನುವ 65ಎ ಕಲಂ ಬಂದದ್ದು 2012ರಲ್ಲಿ. ಅದು ಕೂಡ ಇನ್ನೊಬ್ಬರ ಹಕ್ಕು ಮುರಿಯುವ ಉದ್ದೇಶದಿಂದ ಒಡೆದವರಿಗೆ.

ಕಳ್ಳತನ ನಡೆದದ್ದು ಮುಂದಿನ ವಾರ. ಸುದ್ದಿ ತಿಳಿದು ಪಕ್ಕದ ಅಂಗಡಿಯವರು ಬಂದರು. ಐನೂರು ರೂಪಾಯಿಗೆ ಒಂದು ಸಿ.ಡಿ. ಹಾಗೆ ನಾಲ್ಕು ಅಂಗಡಿಗೆ ಕೊಟ್ಟೆ. ‘ಕಂಪನಿಗೇನು ನಷ್ಟ, ಇವರು ಹೇಗೂ ಕೊಳ್ಳುತ್ತಿರಲಿಲ್ಲ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆಯಲ್ಲಿದೆ. ಅದು ನನಗಾಗ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಪೊಲೀಸರು ಬರಲಿಲ್ಲ. ಬಂದದ್ದು ಆ ಮೊದಲಿನ ಅಣ್ಣ. “ನಾನು ಚೀಟಿ ಎತ್ತಿ ದುಡ್ಡು ಕಟ್ಟಿ ತಗೊಂಡೆ. ಅವರಿಗೆ ಐನೂರಕ್ಕೆ ಕೊಟ್ಟೆ. ಈಗ ನನಗಿಂತ ಕಮ್ಮಿ ರೇಟಿಗೆ ಕಾರ್ಡು ಮಾಡ್ತಿದಾರೆ. ನಾನು ನಿನಗೇನು ಮಾಡಿದ್ದೆ ತಮ್ಮಾ?” ಎಂದರು.

ಉತ್ತರ ಇರಲಿಲ್ಲ. ನಷ್ಟವಾದರೆ ದೂರದ ಕಂಪನಿಗೆ ಎಂದುಕೊಂಡಿದ್ದೆ. ಆದದ್ದು ನನ್ನನ್ನು ನಂಬಿ ಬಾಗಿಲು ತೆರೆದವರಿಗೆ.

ಬಡವರು ಕಲಿಯುವುದು ಹೇಗೆ ಎಂದು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆಗಲೂ ಉಚಿತವಾಗಿಯೇ ಸಿಗುತ್ತಿತ್ತು. ಅದನ್ನು ಹಾಕಿಕೊಟ್ಟು, ಟೈಪಿಂಗ್ ಕಲಿಸಿ, ಅದೇ ಐನೂರನ್ನು ನಾನು ಮರ್ಯಾದೆಯಿಂದ ಸಂಪಾದಿಸಬಹುದಿತ್ತು.

ನಾಳೆ ಭಾನುವಾರ ಹತ್ತು ಗಂಟೆಗೆ ಶಾಲೆಯ ಕಂಪ್ಯೂಟರುಗಳಿಗೆ ಉಬುಂಟು, ಲಿಬ್ರೆ ಆಫೀಸ್ ಹಾಕುತ್ತೇನೆ. ಹೆಡ್‌ಮಾಸ್ಟರು ಒಪ್ಪಿದ್ದಾರೆ. ಬಿಚ್ಚಿ ನೋಡುವ ಚಟವಿರುವ ಮಕ್ಕಳು ತಪ್ಪದೆ ಬನ್ನಿ. ಅವುಗಳ ಒಳಗನ್ನು ಓದಲು, ತಿದ್ದಲು ಬರೆದವರೇ ಅನುಮತಿ ಕೊಟ್ಟಿದ್ದಾರೆ. ಆ ಅಣ್ಣನನ್ನೂ ಕರೆದಿದ್ದೇನೆ. “ನೋಡೋಣ” ಎಂದಿದ್ದಾರೆ.